ಬಸುರಿಯ ಮನೆಯಲ್ಲಿ ಬೆಕ್ಕಿನ ಮರಳಿನ ಪೆಟ್ಟಿಗೆ: ನನ್ನ ಅನುಭವ

ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದ ನಮ್ಮ ಒನ್ ಬಿಎಚ್‌ಕೆ ಮನೆಯಲ್ಲಿ ನಾನು, ನನ್ನ ಗಂಡ ಮತ್ತು ಆರು ವರ್ಷದ ಚಿನ್ನು ಎಂಬ ಹೆಣ್ಣು ಬೆಕ್ಕು ಇರುತ್ತೇವೆ. ಮಾರ್ಚ್ ತಿಂಗಳಲ್ಲಿ ನಾನು ಗರ್ಭಿಣಿ ಎಂದು ತಿಳಿದ ವಾರವೇ ಕುಂದಾಪುರದಿಂದ ಅಮ್ಮ ಫೋನ್ ಮಾಡಿ, “ಬೆಕ್ಕನ್ನು ಯಾರಿಗಾದರೂ ಕೊಟ್ಟುಬಿಡು ಮಗಾ, ಅದರ ರೋಮ ಹೊಟ್ಟೆಗೆ ಹೋದರೆ ಮಗುವಿಗೆ ಒಳ್ಳೆಯದಲ್ಲ” ಎಂದರು. ಮೊದಲು ತೋರಿಸಿಕೊಂಡ ವೈದ್ಯರೂ, ಕಾರಣ ಕೇಳಿದರೆ ಬಿಡಿಸಿ ಹೇಳದೆ, ಬೆಕ್ಕನ್ನು ಮನೆಯಿಂದ ಕಳಿಸಿಬಿಡಿ ಎಂದಷ್ಟೇ ಹೇಳಿ ಮುಂದಿನ ರೋಗಿಯನ್ನು ಕರೆದರು. ಆರು ವರ್ಷ ಮಡಿಲಲ್ಲಿ ಮಲಗಿದ ಪ್ರಾಣಿಯನ್ನು ಕಾರಣ ಗೊತ್ತಿಲ್ಲದೆ ಹೊರಗೆ ಹಾಕಲು ನನಗೆ ಮನಸ್ಸು ಬರಲಿಲ್ಲ.

ಕಾರಣವನ್ನು ಕೂರಿಸಿಕೊಂಡು ವಿವರಿಸಿದವರು ಎರಡನೆಯ ವೈದ್ಯರು. ಅಪಾಯವಿರುವುದು ರೋಮದಲ್ಲಲ್ಲ, ಮಲದಲ್ಲಿ. ಅದೂ ಎಲ್ಲ ಬೆಕ್ಕುಗಳ ಎಲ್ಲ ದಿನಗಳ ಮಲದಲ್ಲಿ ಅಲ್ಲ. ಟಾಕ್ಸೊಪ್ಲಾಸ್ಮಾ ಗೊಂಡಿಐ ಎಂಬ ಏಕಕೋಶ ಪರಾವಲಂಬಿಯು ಇಲಿ, ಹಕ್ಕಿ ಅಥವಾ ಹಸಿ ಮಾಂಸದ ಮೂಲಕ ಬೆಕ್ಕಿನ ಹೊಟ್ಟೆ ಸೇರಿದರೆ, ಮೊದಲ ಸಲ ಸೋಂಕು ತಗುಲಿದ ಬೆಕ್ಕು ಒಂದರಿಂದ ಮೂರು ವಾರಗಳ ಕಾಲ ಅದರ ಮೊಟ್ಟೆಯಂಥ ಕಣಗಳನ್ನು ಮಲದಲ್ಲಿ ಹೊರಹಾಕುತ್ತದೆ. ಆಮೇಲೆ ಸಾಮಾನ್ಯವಾಗಿ ಹಾಕುವುದಿಲ್ಲ. ನನಗೆ ಅತ್ಯಂತ ಉಪಯೋಗಕ್ಕೆ ಬಂದ ಮಾತು ಇನ್ನೊಂದು. ಆ ಕಣಗಳು ಹೊರಬಿದ್ದ ಕೂಡಲೇ ಸೋಂಕು ತಗುಲಿಸಲಾರವು. ಗಾಳಿ, ತೇವ, ಬೆಚ್ಚಗಿನ ವಾತಾವರಣದಲ್ಲಿ ಒಂದರಿಂದ ಐದು ದಿನ ಬಲಿತ ಮೇಲೆ ಮಾತ್ರ ಅವು ಅಪಾಯಕಾರಿಯಾಗುತ್ತವೆ. ಹಾಗಾದರೆ ಬೆಕ್ಕು ಶೌಚ ಮಾಡುವ ಮರಳಿನ ಪೆಟ್ಟಿಗೆಯಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ಮಲ ಹೊರಹೋದರೆ ಬಹುಪಾಲು ಕೆಲಸ ಮುಗಿದಂತೆ. ಗಡಿಯಾರ ನೋಡಿ ಮಾಡುವ ಕೆಲಸ ನನಗೆ ಬರುತ್ತದೆ. ಬ್ಯಾಂಕಿನಲ್ಲಿ ಹನ್ನೊಂದು ವರ್ಷ ಅದನ್ನೇ ಮಾಡಿದ್ದೇನೆ.

ಟಾರ್ಚ್ ಎಂಬ ರಕ್ತಪರೀಕ್ಷೆಯಲ್ಲಿ ನನಗೆ ಈ ಪರಾವಲಂಬಿಯ ವಿರುದ್ಧ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಾದ ಐಜಿಜಿ (ಹಳೆಯ ಸೋಂಕಿನ ಗುರುತು), ಐಜಿಎಂ (ಸಾಮಾನ್ಯವಾಗಿ ಹೊಸ ಸೋಂಕಿನ ಗುರುತು) ಎರಡೂ ನೆಗೆಟಿವ್ ಬಂದವು. ಗಂಡ ಸಂತೋಷಪಟ್ಟರು, ನಾನೂ ಪಟ್ಟೆ. ವೈದ್ಯರು ಮಾತ್ರ, “ಖುಷಿಪಡಬೇಡಿ, ಹಳೆಯ ಸೋಂಕಿನ ರಕ್ಷಣೆ ನಿಮಗೆ ಇಲ್ಲ ಎಂದು ಇದರ ಅರ್ಥ” ಎಂದರು. ಹುಟ್ಟಿದಾಗಿನಿಂದ ಊರಿನ ಮನೆಯಲ್ಲಿ ಬೆಕ್ಕುಗಳ ನಡುವೆಯೇ ಬೆಳೆದವಳಾದ್ದರಿಂದ ನನಗೆ ಅದು ಎಂದೋ ಬಂದು ಹೋಗಿರುತ್ತದೆ ಎಂದು ನಾನು ನಂಬಿದ್ದೆ. ಆ ನಂಬಿಕೆ ಸುಳ್ಳಾಯಿತು. ಗರ್ಭಧಾರಣೆಗೆ ಬಹಳ ಮೊದಲೇ ಸೋಂಕು ಆಗಿದ್ದವರಿಗೆ ಸಾಮಾನ್ಯವಾಗಿ ಚಿಂತೆಯಿಲ್ಲ, ಬಸುರಿಯಲ್ಲಿ ಮೊದಲ ಬಾರಿಗೆ ತಗುಲಿದರೆ ಮಾತ್ರ ಮಗುವಿಗೆ ದಾಟುವ ಭಯ. ಮೊದಲ ತಿಂಗಳುಗಳಲ್ಲಿ ದಾಟುವ ಸಾಧ್ಯತೆ ಕಡಿಮೆ, ಆದರೆ ದಾಟಿದರೆ ಹಾನಿ ದೊಡ್ಡದು. ಕೊನೆಯ ತಿಂಗಳುಗಳಲ್ಲಿ ಇದು ತಿರುಗುಮುರುಗು. ಮುಲುಂಡಿನಲ್ಲಿರುವ ನನ್ನ ಸಹೋದ್ಯೋಗಿಯೊಬ್ಬರಿಗೆ ಐಜಿಎಂ ಪಾಸಿಟಿವ್ ಬಂದು ಮನೆಯವರೆಲ್ಲ ಅತ್ತಿದ್ದರು. ಐಜಿಎಂ ಎಷ್ಟೋ ತಿಂಗಳು, ಕೆಲವರಲ್ಲಿ ವರ್ಷಕ್ಕೂ ಮೀರಿ, ರಕ್ತದಲ್ಲಿ ಉಳಿಯಬಲ್ಲದು. ಅವರಿಗೆ ಮೂರನೆಯ ತಿಂಗಳಲ್ಲಿ, ಪ್ರತಿಕಾಯ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎಂದು ನೋಡುವ ಅವಿಡಿಟಿ ಎಂಬ ಮುಂದಿನ ಪರೀಕ್ಷೆ ಮಾಡಿಸಿದಾಗ ಅದು ಹೆಚ್ಚಿನ ಮಟ್ಟದಲ್ಲಿ ಬಂದು, ಸೋಂಕು ಬಸುರಿಗೆ ಮೊದಲೇ ಆಗಿತ್ತೆಂದು ತಿಳಿಯಿತು.

ಪೆಟ್ಟಿಗೆಯ ಕೆಲಸ ಅಂದಿನಿಂದಲೇ ಗಂಡನ ಪಾಲಾಯಿತು. ಮುಂಬಯಿ ಮನೆಗಳಲ್ಲಿ ಹಲವರು ಮಾಡುವಂತೆ ನಾವೂ ಪೆಟ್ಟಿಗೆಯನ್ನು ಅಡುಗೆಮನೆಗೆ ಅಂಟಿಕೊಂಡ ಡ್ರೈ ಬಾಲ್ಕನಿಯಲ್ಲಿ ಇಟ್ಟಿದ್ದೆವು. ಪಾತ್ರೆ ಒಣಗಿಸುವ ಬುಟ್ಟಿ ಅದರ ಮೇಲೆಯೇ ತೂಗುತ್ತಿತ್ತು ಎಂಬುದನ್ನು ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ. ಅದನ್ನು ಬಾತ್‌ರೂಮಿನ ಹೊರಗಿನ ಮೂಲೆಗೆ ಸರಿಸಿದೆವು. ಚಿನ್ನು ಎರಡು ದಿನ ಸಿಟ್ಟಾಗಿ ಕಾಲೊರಸಿನ ಮೇಲೆ ಮಾಡಿ, ಮೂರನೆಯ ದಿನ ರಾಜಿಯಾಯಿತು. ಬೆಳಗ್ಗೆ ಏಳಕ್ಕೆ ಮತ್ತು ರಾತ್ರಿ ಎಂಟಕ್ಕೆ ಗಂಡ ಜಾಲರಿ ಸೌಟಿನಿಂದ ಮಲ ಮತ್ತು ಒದ್ದೆ ಮರಳಿನ ಉಂಡೆಗಳನ್ನು ಎತ್ತುತ್ತಿದ್ದರು. ಶೌಚಾಲಯಕ್ಕೆ ಸುರಿಯುವುದನ್ನು ನಿಲ್ಲಿಸಿದೆವು: ಪೆಟ್ಟಿಗೆಯಲ್ಲಿ ಮರಳಾಗಿ ಹಾಕುವ ಬೆಂಟೊನೈಟ್ ಮಣ್ಣು ನೀರು ಕುಡಿದು ಉಬ್ಬಿ ಕೊಳವೆ ಕಟ್ಟುತ್ತದೆ, ಜೊತೆಗೆ ಆ ಕಣಗಳು ಚರಂಡಿಯ ಮೂಲಕ ಸಮುದ್ರ ಸೇರುತ್ತವೆ. ಎರಡು ಚೀಲದಲ್ಲಿ ಗಂಟು ಕಟ್ಟಿ, ಕಾಗದ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡುವುದನ್ನು ಆರಂಭಿಸಿದೆವು. ನಮ್ಮ ಮಹಡಿಯ ಕಸ ಒಯ್ಯುವ ಹುಡುಗ ಬರಿಗೈಯಲ್ಲಿ ಚೀಲ ಬಿಚ್ಚಿ ವಿಂಗಡಿಸುವುದನ್ನು ನಾನು ಕಣ್ಣಾರೆ ಕಂಡಿದ್ದೆ. ವಾರಕ್ಕೊಮ್ಮೆ ಗಂಡ ಪೆಟ್ಟಿಗೆ ಖಾಲಿ ಮಾಡಿ ಕುದಿಯುವ ನೀರು ಸುರಿದು ಹತ್ತು ನಿಮಿಷ ಬಿಡುತ್ತಿದ್ದರು. ಮನೆಯಲ್ಲಿ ಫಿನೈಲ್ ಬಾಟಲಿ ಇತ್ತು, ಆದರೆ ಈ ಕಣಗಳು ಫಿನೈಲಿಗೂ ಬ್ಲೀಚಿಗೂ ಜಗ್ಗುವುದಿಲ್ಲ, ಬಿಸಿಗೆ ಜಗ್ಗುತ್ತವೆ.

ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗ ಜುಲೈ ಬಂತು. ಒಂದು ಭಾನುವಾರ ಮಧ್ಯಾಹ್ನ ಭಾರೀ ಮಳೆ. ಕಟ್ಟಡದ ನೀರಿನ ಕೊಳವೆಗಳಿರುವ ಡಕ್ಟಿನಲ್ಲಿ ನೀರು ತುಂಬಿ, ಒಂದು ಸುಂಡಿಲಿ ಬಾತ್‌ರೂಮಿನ ಕಿಟಕಿಯಿಂದ ಒಳಗೆ ಬಂದಿರಬೇಕು. ನಾನು ನೋಡುವ ಹೊತ್ತಿಗೆ ಚಿನ್ನು ವಾಷಿಂಗ್ ಮಷೀನಿನ ಹಿಂದೆ ಕುಳಿತು ತುಟಿ ನೆಕ್ಕಿಕೊಳ್ಳುತ್ತಿತ್ತು. ನೆಲದ ಮೇಲೆ ಉಳಿದಿದ್ದದ್ದು ಒಂದು ಬಾಲ ಮತ್ತು ಪಿತ್ತಕೋಶದಂತೆ ಕಾಣುವ ಹಸಿರು ಚುಕ್ಕೆ. ಇನ್ನೊಬ್ಬರ ಮನೆಯಲ್ಲಾಗಿದ್ದರೆ ಶಾಬಾಸ್ ಎನ್ನಬಹುದಾದ ಸಾಧನೆ. ನಾನು ಅಲ್ಲೇ ಗೋಡೆಗೆ ಒರಗಿ ಬೆರಳು ಮಡಚಿ ಎಣಿಸಿದೆ. ಸೋಂಕಿತ ಇಲಿಯಾಗಿದ್ದರೆ ಮೂರರಿಂದ ಹತ್ತು ದಿನದಲ್ಲಿ ಕಣಗಳು ಮಲದಲ್ಲಿ ಕಾಣಿಸಿಕೊಳ್ಳುತ್ತವೆ, ಅಲ್ಲಿಂದ ಮೂರು ವಾರ. ಅಂದರೆ ಸುಮಾರು ಒಂದು ತಿಂಗಳು ಕಟ್ಟೆಚ್ಚರ. ಗಂಡನಾದರೋ ಮಂಗಳವಾರ ಬೆಳಗ್ಗೆ ಹನ್ನೊಂದು ದಿನಗಳ ತರಬೇತಿಗೆ ನಾಶಿಕಕ್ಕೆ ಹೊರಡುವವರಿದ್ದರು. ಚಿನ್ನುವಿನ ಮಲವನ್ನು ಪರೀಕ್ಷಿಸಬಹುದೇ ಎಂದು ಪಶುವೈದ್ಯರನ್ನು ಕೇಳಿದೆ. ಕಣಗಳು ಬೀಳುವ ದಿನಗಳು ಕಡಿಮೆಯಾದ್ದರಿಂದ ಒಂದು ದಿನದ ಪರೀಕ್ಷೆ ನೆಗೆಟಿವ್ ಬಂದರೂ ಧೈರ್ಯ ಕೊಡುವುದಿಲ್ಲ, ಪೆಟ್ಟಿಗೆಯನ್ನೇ ನೋಡಿಕೊಳ್ಳಿ ಎಂದರು.

ಎದುರುಮನೆಯ ಮರಾಠಿ ಕಾಕು ತಾವಾಗಿಯೇ ಬಂದು ಸಂಜೆಯ ಸರದಿಯನ್ನು ವಹಿಸಿಕೊಂಡರು. ಅವರಿಗೂ ಕೈಗವಸು ಕೊಟ್ಟೆ. ಈ ವಯಸ್ಸಿನಲ್ಲಿ ನನಗೇನು ಬಸುರಾಗುತ್ತದೆಯೇ ಎಂದು ನಕ್ಕರು, ಆದರೂ ತೊಟ್ಟರು. ಬೆಳಗಿನ ಸರದಿ ನನ್ನದೇ. ಆ ಹನ್ನೊಂದು ಬೆಳಗ್ಗೆ ನಾನು ಮಾಡಿದ್ದು ಹೀಗೆ: ಒಲೆ ಹೊತ್ತಿಸುವ ಮೊದಲು, ಫ್ಯಾನ್ ಆರಿಸಿ, ಒಮ್ಮೆ ಬಳಸಿ ಎಸೆಯುವ ಕೈಗವಸು ಮತ್ತು ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿ, ಮರಳನ್ನು ಕಲಕದೆ, ಧೂಳು ಏಳದಂತೆ ಸೌಟನ್ನು ಪಕ್ಕದಿಂದ ಜಾರಿಸಿ ಉಂಡೆಯನ್ನು ಮಾತ್ರ ಎತ್ತಿದೆ. ಮುಗಿದ ಮೇಲೆ ಬಲಗೈ ಗವಸಿನ ಬೆರಳುಗಳಿಂದ ಎಡಗೈಯದ್ದನ್ನು ಒಳಮೈ ಹೊರಗಾಗುವಂತೆ ಸುಲಿದು, ಬರಿಯ ಎಡಗೈ ಬೆರಳನ್ನು ಬಲಗವಸಿನ ಒಳಗಡೆಯಿಂದ ತೂರಿಸಿ ಅದನ್ನೂ ಮಗುಚಿ ತೆಗೆದೆ. ಹೊರಮೈ ಚರ್ಮಕ್ಕೆ ಎಲ್ಲೂ ತಾಗಬಾರದು. ಆಮೇಲೆ ಉಗುರಿನ ಸಂದಿಯವರೆಗೆ ಸೋಪು. ಪೂರ್ತಿ ಮರಳು ಬದಲಿಸುವ, ಕುದಿನೀರು ಸುರಿಯುವ ಕೆಲಸಕ್ಕೆ ನಾನು ಕೈ ಹಾಕಲಿಲ್ಲ. ತುಂಬಿದ ಪೆಟ್ಟಿಗೆಯನ್ನು ಬಗ್ಗಿ ಎತ್ತುವುದು ಐದನೆಯ ತಿಂಗಳಲ್ಲಿ ಬೇರೆ ಕಾರಣಕ್ಕೂ ಬೇಡ. ಅದನ್ನು ನಡುವಿನ ಭಾನುವಾರ ಕಾಕುವಿನ ಮಗ ಮಾಡಿಕೊಟ್ಟ. ಚಿನ್ನುವನ್ನು ಮುಟ್ಟುವುದನ್ನು ನಾನು ಒಂದು ದಿನವೂ ಬಿಡಲಿಲ್ಲ. ಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕಿ ಶುಚಿ ಮಾಡಿಕೊಳ್ಳುವುದರಿಂದ ಕಣಗಳು ರೋಮದಲ್ಲಿ ಕುಳಿತು ಬಲಿಯುವಷ್ಟು ದಿನ ಉಳಿಯುವುದಿಲ್ಲ. ಕೈ ತೊಳೆದರೆ ಸಾಕು.

ಬಾತ್‌ರೂಮಿನ ಕಿಟಕಿಗೆ ಮಾರನೆಯ ದಿನವೇ ಜಾಲರಿ ಬಡಿಸಿದೆವು. ಮೀನಿನವಳು ಬಂಗುಡೆಯ ಜೊತೆ ಚಿನ್ನುವಿಗೆಂದು ಕೊಡುವ ತಲೆಗಳನ್ನಾಗಲೀ, ಕೋಳಿಯ ಅಂಗಡಿಯವನು ಕಾಗದದಲ್ಲಿ ಕಟ್ಟಿಕೊಡುವ ಚೂರುಗಳನ್ನಾಗಲೀ ಬೇಯಿಸದೆ ಹಾಕುವುದನ್ನು ನಿಲ್ಲಿಸಿದೆವು.

ಪೆಟ್ಟಿಗೆಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡ ಮೇಲೆ ನನಗೆ ಉಳಿದ ದಾರಿಗಳು ಕಾಣಲಾರಂಭಿಸಿದವು. ನನ್ನ ಮನೆಯ ಮಟ್ಟಿಗೆ ಅವೇ ಹೆಚ್ಚು ಅಪಾಯದವು ಎಂಬುದು ಈಗ ನನ್ನ ಅಭಿಪ್ರಾಯ. ಪೆಟ್ಟಿಗೆಯ ಮಲ ಎಂದಿನದು ಎಂದು ನನಗೆ ಗೊತ್ತಿತ್ತು. ಮಣ್ಣಿನಲ್ಲಿರುವುದು ಎಂದಿನದು ಎಂದು ಯಾರಿಗೂ ಗೊತ್ತಿರುವುದಿಲ್ಲ, ತೇವವಿರುವ ಮಣ್ಣಿನಲ್ಲಿ ಆ ಕಣಗಳು ವರ್ಷಕ್ಕೂ ಹೆಚ್ಚು ಕಾಲ ಬದುಕುತ್ತವೆ. ಲೋಕಲ್ ಟ್ರೈನಿನ ಕಿಟಕಿಯಿಂದ ನಾನು ದಿನವೂ ನೋಡುತ್ತಿದ್ದ, ಹಳಿಗಳ ಪಕ್ಕದಲ್ಲಿ ಬೆಳೆಯುತ್ತಿದ್ದ ಪಾಲಕ್ ಮತ್ತು ಮೆಂತ್ಯದ ಮಡಿಗಳಲ್ಲಿ ಬೀದಿಬೆಕ್ಕುಗಳು ಓಡಾಡುವುದನ್ನು ಗಮನಿಸಿದ ಮೇಲೆ ಸೊಪ್ಪನ್ನು ಬಿಡಿಬಿಡಿಯಾಗಿ ಹಲವು ನೀರಿನಲ್ಲಿ ತೊಳೆದು ಬೇಯಿಸಿಯೇ ತಿಂದೆ. ವಡಾಪಾವಿನ ಹಸಿರು ಚಟ್ನಿಯನ್ನೂ ಹೊರಗಿನ ಕೋಸಂಬರಿಯನ್ನೂ ಬಿಟ್ಟೆ, ವಡಾಪಾವನ್ನು ಬಿಡಲಾಗಲಿಲ್ಲ. ಕುಡಿಯುವ ನೀರನ್ನು ಕುದಿಸಿದೆವು. ಮಟನ್ ಸುಕ್ಕಾ ಅರೆಬೆಂದಿರುವಾಗಲೇ ಉಪ್ಪು ನೋಡುವ ಅಭ್ಯಾಸ ನನ್ನದು, ಅಮ್ಮನಿಂದ ಬಂದದ್ದು. ಅರೆಬೆಂದ ಮಾಂಸವೂ ಈ ಪರಾವಲಂಬಿಯ ಮುಖ್ಯ ದಾರಿಯಾದ್ದರಿಂದ ಉಪ್ಪು ನೋಡುವ ಅಧಿಕಾರವನ್ನು ಗಂಡನಿಗೆ ಬಿಟ್ಟುಕೊಟ್ಟೆ, ಪರಿಣಾಮವಾಗಿ ಆ ಕೆಲವು ತಿಂಗಳು ನಮ್ಮ ಮನೆಯ ಸುಕ್ಕಾ ಸಪ್ಪೆಯಾಗಿತ್ತು. ಕಿಟಕಿ ಗ್ರಿಲ್ಲಿನ ಕುಂಡಗಳ ಮಣ್ಣನ್ನು ಕೈಗವಸಿಲ್ಲದೆ ಮುಟ್ಟಲಿಲ್ಲ. ಆಗಸ್ಟಿನಲ್ಲಿ ವಾಚ್‌ಮನ್ ಮಳೆಯಲ್ಲಿ ನೆನೆದ ಒಂದು ಬೀದಿಬೆಕ್ಕಿನ ಮರಿಯನ್ನು ತಂದು ನಮ್ಮ ಬಾಗಿಲಲ್ಲಿ ಇಟ್ಟಾಗ ಮಾತ್ರ ಕರುಳು ಹಿಂಡಿತು. ಹೊಸದಾಗಿ ಬೇಟೆ ಕಲಿಯುವ ಮರಿಗಳಲ್ಲೇ ಕಣ ಬೀಳುವ ಸಂಭವ ಹೆಚ್ಚು. ಅದನ್ನು ಒಳಗೆ ಕರೆಯಲಿಲ್ಲ, ಕಾಕುವಿನ ಮನೆಗೆ ಹೋಯಿತು, ಈಗಲೂ ಅಲ್ಲಿದೆ.

ಐಜಿಜಿ ಪರೀಕ್ಷೆಯನ್ನು ಆಗಸ್ಟಿನ ಕೊನೆಯಲ್ಲಿ ಮತ್ತೆ ಮಾಡಿಸಿದೆವು, ನೆಗೆಟಿವ್. ಪಾಸಿಟಿವ್ ಆಗಿದ್ದರೂ ಔಷಧಗಳಿದ್ದವು ಎಂದು ವೈದ್ಯರು ಮೊದಲೇ ಹೇಳಿದ್ದರಿಂದ ವರದಿಯ ಲಕೋಟೆ ಬಿಚ್ಚುವಾಗ ಕೈ ನಡುಗಲಿಲ್ಲ ಎಂದು ಬರೆಯಬಹುದಿತ್ತು; ನಡುಗಿತು.

ಸೀಮಂತ ಮುಗಿಸಿ, ಠಾಣೆ ನಿಲ್ದಾಣದಲ್ಲಿ ಮತ್ಸ್ಯಗಂಧ ರೈಲು ಹತ್ತಿ ಬಾಣಂತನಕ್ಕೆ ಊರಿಗೆ ಹೋದೆ. ಚಿನ್ನು ಗಂಡನ ಜೊತೆ ಡೊಂಬಿವಲಿಯಲ್ಲೇ ಉಳಿಯಿತು. ಅದನ್ನು ಕೇಳಿ ಅಮ್ಮನಿಗೆ ಸಮಾಧಾನವಾಯಿತು. ಊರಿನ ಮನೆಯ ಅಂಗಳದಲ್ಲಿ ಹೊಸ ಕೊಟ್ಟಿಗೆ ಕಟ್ಟಲೆಂದು ತಂದ ಹೊಯ್ಗೆಯ (ಮರಳಿನ) ರಾಶಿ ಇತ್ತು, ಅದರ ಮೇಲೆ ಮನೆಯ ಮೂರು ಬೆಕ್ಕುಗಳು ದಿನಕ್ಕೆ ಮೂರು ಸಲ ಕೆದರಿ ಮುಚ್ಚುತ್ತಿದ್ದವು, ಪಕ್ಕದಲ್ಲೇ ಬಸಳೆಯ ಚಪ್ಪರ. ನಾನು ಬಂದ ಮೊದಲ ಸಂಜೆಯೇ ಅಮ್ಮ ಕೈಯಲ್ಲಿ ಒಂದು ಹಿಡಿ ಬಸಳೆ ಕೊಯ್ದುಕೊಂಡು, ಸೆರಗಿಗೆ ಮಣ್ಣು ಒರೆಸಿಕೊಂಡು ಅಡುಗೆಮನೆಗೆ ಬಂದರು. ನಾನು ಅವರನ್ನು ಕೂರಿಸಿಕೊಂಡು, ಎರಡನೆಯ ವೈದ್ಯರು ನನಗೆ ಹೇಳಿದ್ದನ್ನೆಲ್ಲ ಮೊದಲಿನಿಂದ ಹೇಳಿದೆ. ಮರುದಿನ ಬೆಳಗ್ಗೆ ಹೊಯ್ಗೆಯ ರಾಶಿಗೆ ನೀಲಿ ಟಾರ್ಪಾಲು ಬಿದ್ದಿತ್ತು, ನಾಲ್ಕು ಮೂಲೆಗೂ ಕೆಂಪುಕಲ್ಲು ಇಟ್ಟಿದ್ದರು.