ಖಾತೆ ಪದೇ ಪದೇ ಲಾಕ್ ಆಗುತ್ತಿದ್ದುದಕ್ಕೆ ಸಿಕ್ಕ ಪರಿಹಾರ

ಆಕ್ಟಿವ್ ಡೈರೆಕ್ಟರಿಯಲ್ಲಿ (ಕಚೇರಿಯ ವಿಂಡೋಸ್ ಖಾತೆಗಳನ್ನೆಲ್ಲ ನಿರ್ವಹಿಸುವ ವ್ಯವಸ್ಥೆ) ನನ್ನ ಅಡ್ಮಿನ್ ಖಾತೆ ಅರ್ಧ ಗಂಟೆಗೊಮ್ಮೆ ಲಾಕ್ ಆಗುತ್ತಿತ್ತು. ಯಾರೋ ಪದೇ ಪದೇ ತಪ್ಪು ಪಾಸ್‌ವರ್ಡ್ ಕೊಟ್ಟರೆ ಹೀಗಾಗುತ್ತದೆ; ಎಲ್ಲೋ ಉಳಿದ ಹಳೇ ಪಾಸ್‌ವರ್ಡ್ ಇರಬಹುದು ಅಂದುಕೊಂಡೆ. ಅನ್‌ಲಾಕ್ ಮಾಡಿದರೂ ಮತ್ತೆ ಅದೇ ಕತೆ.

ಫೋನಿನಿಂದ ಮೇಲ್ ಖಾತೆ ತೆಗೆದೆ. ವಿಂಡೋಸ್ ಪಾಸ್‌ವರ್ಡ್‌ಗಳನ್ನು ಉಳಿಸಿಡುವ ಕ್ರೆಡೆನ್ಶಿಯಲ್ ಮ್ಯಾನೇಜರ್ ಖಾಲಿ ಮಾಡಿದೆ. ಪಾಸ್‌ವರ್ಡ್ ರಿಸೆಟ್ ಮಾಡಿದೆ. ಯಾವುದೂ ಕೆಲಸಕ್ಕೆ ಬರಲಿಲ್ಲ.

ಕೊನೆಗೆ ಪಿಡಿಸಿ ಎಮ್ಯುಲೇಟರ್ ಆಗಿರುವ ಡೊಮೇನ್ ಕಂಟ್ರೋಲರ್‌ನ (ಲಾಗಿನ್‌ಗಳನ್ನು ಪರಿಶೀಲಿಸುವ ಸರ್ವರ್‌ಗಳಲ್ಲಿ, ಖಾತೆ ಲಾಕ್ ಆದ ಮಾಹಿತಿ ಬಂದು ಸೇರುವ ಸರ್ವರ್) ಸೆಕ್ಯೂರಿಟಿ ಲಾಗ್‌ನಲ್ಲಿ ಈವೆಂಟ್ 4740, ಅಂದರೆ ಖಾತೆ ಲಾಕ್ ಆದ ದಾಖಲೆ, ಹುಡುಕಿದೆ. ಲಾಕ್ ಮಾಡಿಸಿದ ಕಂಪ್ಯೂಟರ್‌ನ ಹೆಸರು ಅದರಲ್ಲೇ ಇರುತ್ತದೆ. ಅದು ಒಂದು ಹಳೆಯ ಬ್ಯಾಕಪ್ ಸರ್ವರ್. ಆ ಸರ್ವರ್‌ನಲ್ಲಿ ಅದೇ ಹೊತ್ತಿನ ಈವೆಂಟ್ 4625 (ವಿಫಲವಾದ ಲಾಗಿನ್‌ನ ದಾಖಲೆ) ತೆರೆದರೆ ಲಾಗಾನ್ ಟೈಪ್ 4. ಅಂದರೆ ಶೆಡ್ಯೂಲ್ಡ್ ಟಾಸ್ಕ್, ನಿಗದಿತ ಸಮಯಕ್ಕೆ ತಾನೇ ಓಡುವ ಕೆಲಸ. (ಟೈಪ್ 5 ಇದ್ದರೆ ವಿಂಡೋಸ್ ಸರ್ವಿಸ್‌ಗಳನ್ನು ನೋಡಿ.) 5 ನಿಮಿಷಕ್ಕೊಮ್ಮೆ ಓಡುವ ಟಾಸ್ಕ್‌ನಲ್ಲಿ ನನ್ನ ಹಳೇ ಪಾಸ್‌ವರ್ಡ್ ಕೂತಿತ್ತು.

ಇಷ್ಟು ದಿನ ಯಾಕೆ ಲಾಕ್ ಆಗಲಿಲ್ಲ ಅಂದರೆ, ಪಾಸ್‌ವರ್ಡ್ ಹಿಸ್ಟರಿ (ಹಳೇ ಪಾಸ್‌ವರ್ಡ್‌ಗಳನ್ನು ನೆನಪಿಡುವ ಸೆಟ್ಟಿಂಗ್) ಆನ್ ಇದ್ದಾಗ ಹಿಂದಿನ ಎರಡು ಪಾಸ್‌ವರ್ಡ್‌ಗಳನ್ನು ತಪ್ಪು ಪ್ರಯತ್ನ ಎಂದು ಎಣಿಸುವುದಿಲ್ಲ. ಮೂರನೇ ಸಲ ಬದಲಿಸಿದಾಗ ಶುರುವಾಯಿತು. ಸುಮ್ನೆ ರಿಸೆಟ್ ಮಾಡುತ್ತಾ ಹೋದರೆ ಜಾಸ್ತಿ ತೊಂದರೆಯೇ ಅಲ್ವಾ!

ಟಾಸ್ಕ್ ನಿಲ್ಲಿಸಿದೆ, ಆಮೇಲೆ ಅನ್‌ಲಾಕ್ ಮಾಡಿದೆ. ಈ ಕ್ರಮ ಮುಖ್ಯ, ಇಲ್ಲದಿದ್ದರೆ ಟಾಸ್ಕ್ ಮತ್ತೆ ಲಾಕ್ ಮಾಡಿಸುತ್ತದೆ. ನಂತರ ಟಾಸ್ಕನ್ನು ಗ್ರೂಪ್ ಮ್ಯಾನೇಜ್ಡ್ ಸರ್ವಿಸ್ ಅಕೌಂಟ್‌ಗೆ (ಪಾಸ್‌ವರ್ಡನ್ನು ಆಕ್ಟಿವ್ ಡೈರೆಕ್ಟರಿಯೇ ನೋಡಿಕೊಳ್ಳುವ ಖಾತೆ) ಬದಲಿಸಿದೆ. ಈ ಖಾತೆಗೆ ಆ ಸರ್ವರ್‌ನಲ್ಲಿ 'ಲಾಗ್ ಆನ್ ಆಸ್ ಎ ಬ್ಯಾಚ್ ಜಾಬ್' ಹಕ್ಕು ಕೊಡಬೇಕು. ಅದರ ಪಾಸ್‌ವರ್ಡ್, ಸೆಟ್ಟಿಂಗ್ ಬದಲಿಸದಿದ್ದರೆ, 30 ದಿನಕ್ಕೊಮ್ಮೆ ತಾನೇ ಬದಲಾಗುತ್ತದೆ.