ಪಾಟಿಯಂಥ ಟ್ಯಾಬ್ಲೆಟ್ ಮೇಲೆ ಟಿಪ್ಪಣಿ: ನನ್ನ ಅನುಭವ

ಎರಡು ವರ್ಷದ ಹಿಂದಿನ ಮಾತು. ಜನವರಿಯ ಒಂದು ಬೆಳಿಗ್ಗೆ ನಮ್ಮ ಪಿಯು ಕಾಲೇಜಿನ ಮಕ್ಕಳನ್ನು ಕರೆದುಕೊಂಡು ವಿಜಯಪುರದ ಹಳೇ ನೀರಿನ ಜಾಗಗಳನ್ನು ತೋರಿಸಲು ಹೊರಟಿದ್ದೆ. ಮೊದಲು ತಾಜ್ ಬಾವಡಿ ನೋಡಿದೆವು. ಬಾವಡಿ ಅಂದರೆ ಮೆಟ್ಟಿಲಿರುವ ದೊಡ್ಡ ಬಾವಿ. ಆಮೇಲೆ ಒಂದು ಗಂಜ್ ಹತ್ತಿರ ಬಂದೆವು. ಗಂಜ್ ಅಂದರೆ ಆದಿಲ್‌ಶಾಹಿ ಕಾಲದ ನೀರಿನ ಗೋಪುರ. ಊರಲ್ಲಿ ಅಲ್ಲೊಂದು ಇಲ್ಲೊಂದು ಈಗಲೂ ನಿಂತಿವೆ. ಒಬ್ಬ ಹುಡುಗಿ ಅದನ್ನು ಬುಡದಿಂದ ತುದಿವರೆಗೆ ನೋಡಿ ಕೇಳಿದಳು: ‘ಮೇಡಂ, ನೀರು ಪೈಪಿನ್ಯಾಗ ಸೀದಾ ಬರ್ತಿತ್ತು ಅಂದ್ರಿ. ಮತ್ತ ನಡುವ ಇದನ್ನ ಯಾಕ ಕಟ್ಟಿದ್ರರೀ?’

ನನಗೆ ಉತ್ತರ ಬರಲಿಲ್ಲ. ಇತಿಹಾಸ ಪಾಠ ಮಾಡುವವಳು ನಾನು. ಅದನ್ನು ಓದಿದ್ದೆ, ಗುರುತೂ ಹಾಕಿದ್ದೆ. ಆದರೂ ಬಾಯಿಗೆ ಬರಲಿಲ್ಲ. ‘ನಾಳೆ ಹೇಳ್ತೀನಮ್ಮಾ’ ಅಂದೆ. ಮನೆಗೆ ಬಂದು ಇ-ಪುಸ್ತಕ ಓದುವ ರೀಡರ್ ತೆಗೆದು ಹುಡುಕಿದರೆ, ಅದೇ ಪ್ಯಾರಾದಲ್ಲಿ ಮೂರು ಕಡೆ ಹೈಲೈಟ್ ಮಾಡಿದ್ದೆ. ಓದುವಾಗ ಬೆರಳು ಎಳೆದದ್ದು ಬಿಟ್ಟರೆ ನಾನು ಬೇರೇನೂ ಮಾಡಿರಲಿಲ್ಲ.

ಆಗ ನನ್ನ ಹತ್ತಿರ ಇದ್ದದ್ದು ಆರು ಇಂಚಿನ ರೀಡರ್. ಇ-ಇಂಕ್ ಪರದೆ. ಅದರ ಒಳಗೆ ಕೂದಲಿನ ದಪ್ಪಕ್ಕೆ ಹತ್ತಿರದಷ್ಟೇ ಇರುವ ಸಣ್ಣ ಗುಳಿಗೆಗಳಿರುತ್ತವೆ, ಗುಳಿಗೆಯೊಳಗೆ ಕಪ್ಪು ಮತ್ತು ಬಿಳಿ ಕಣ. ವಿದ್ಯುತ್ ಕೊಟ್ಟಾಗ ಒಂದು ಬಣ್ಣ ಮೇಲೆ ಬರುತ್ತೆ, ಇನ್ನೊಂದು ಕೆಳಗೆ ಹೋಗುತ್ತೆ. ಪುಟ ಬದಲಾಗುವಾಗ ಮಾತ್ರ ಕರೆಂಟ್ ಬೇಕು, ಅದಕ್ಕೇ ಬ್ಯಾಟರಿ ವಾರಗಟ್ಟಲೆ ಬರುತ್ತೆ. ಫೋನಿನ ಹಾಗೆ ಹಿಂದಿನಿಂದ ಬೆಳಕು ಕಣ್ಣಿಗೆ ಹೊಡೆಯೋದಿಲ್ಲ. ಈ ಮಷೀನ್ ನನಗೆ ಓದುವ ರೂಢಿಯನ್ನು ವಾಪಸ್ ಕೊಟ್ಟಿದೆ. ಆ ಋಣ ದೊಡ್ಡದು.

ಗಂಜ್ ನೋಡಿ ಬಂದ ಕೆಲವು ವಾರಕ್ಕೆ ಸಿಟಿ ಬಸ್ಸಿನ ನೂಕಾಟದಲ್ಲಿ ಬ್ಯಾಗು ಕಂಬಿಗೆ ಒತ್ತಿ ಪರದೆ ಒಡೆಯಿತು. ಅರ್ಧ ಪರದೆ ಗೀಟು ಗೀಟಾಗಿ ನಿಂತುಬಿಟ್ಟಿತು. ಪರದೆ ಹೋದರೂ ಒಳಗಿನ ಮೆಮೊರಿ ಸರಿ ಇತ್ತು. ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಿದರೆ ಫೋಲ್ಡರ್ ತೆರೆಯಿತು. ಅಮೆಜಾನಿನ ಕಿಂಡಲ್ ರೀಡರ್ ಇಟ್ಟುಕೊಂಡವರಿಗೆ ‘ಮೈ ಕ್ಲಿಪ್ಪಿಂಗ್ಸ್’ ಫೈಲ್ ಗೊತ್ತಿರುತ್ತೆ. ನೀವು ಮಾಡಿದ ಹೈಲೈಟ್ ಎಲ್ಲಾ ಒಂದೇ ಟೆಕ್ಸ್ಟ್ ಫೈಲಿನಲ್ಲಿ ಸಾಲಾಗಿ ಕೂರುತ್ತೆ: ಪುಸ್ತಕದ ಹೆಸರು, ಜಾಗ, ತಾರೀಕು, ಆಮೇಲೆ ಆ ಸಾಲು, ಕೆಳಗೆ ಹತ್ತು ಸಮ ಚಿಹ್ನೆಗಳ ಗೆರೆ. ನನ್ನ ಫೈಲಿನಲ್ಲಿ 1,300ಕ್ಕೂ ಜಾಸ್ತಿ ತುಣುಕು ಇದ್ದವು. ಒಂದು ಸಂಜೆ ಪೂರ್ತಿ ಕೂತು ಓದಿದೆ. ಎಲ್ಲಾ ಬೇರೆಯವರ ಮಾತು. ಯಾಕೆ ಗುರುತು ಹಾಕಿದ್ದೆ ಅಂತ ಹತ್ತರಲ್ಲಿ ಎಂಟಕ್ಕೆ ನೆನಪೇ ಬರಲಿಲ್ಲ. ನನ್ನದು ಅನ್ನೋ ಒಂದು ಸಾಲೂ ಅದರಲ್ಲಿ ಇರಲಿಲ್ಲ. ಫೈಲ್ ಉಳಿಯಿತು ಅಂತ ಖುಷಿಪಡಬೇಕಿದ್ದವಳಿಗೆ ಅವತ್ತು ಬಹಳ ಬೇಜಾರಾಯಿತು.

ಹೊಸದು ಕೊಳ್ಳುವಾಗ ಆರು ಇಂಚಿನದು ಬೇಡ ಅಂದುಕೊಂಡೆ. 10.3 ಇಂಚಿನ, ಪೆನ್ನಿನಲ್ಲಿ ಬರೆಯುವ ಇ-ಇಂಕ್ ಟ್ಯಾಬ್ಲೆಟ್ ತಗೊಂಡೆ. ಅರ್ಧ ತಿಂಗಳ ಸಂಬಳಕ್ಕಿಂತ ಜಾಸ್ತಿ ಹೋಯಿತು, ಹಾಗಾಗಿ ಎಲ್ಲರಿಗೂ ಕೊಳ್ಳಿ ಅಂತ ನಾನು ಹೇಳೋದಿಲ್ಲ. ನನಗೆ ಬೇಕಾಗಿದ್ದಕ್ಕೆ ಕಾರಣ ನಾನು ಓದುವ ಪುಸ್ತಕಗಳು. ಬಿಜಾಪುರ ಜಿಲ್ಲೆಯ ಗೆಜೆಟಿಯರ್ ಅಚ್ಚಾದದ್ದು 1884ರಲ್ಲಿ. ಇಲ್ಲಿನ ಕಟ್ಟಡಗಳ ಮೇಲೆ ಹೆನ್ರಿ ಕಸಿನ್ಸ್ ಬರೆದ ದೊಡ್ಡ ಗ್ರಂಥ 1916ರದ್ದು. ಎರಡೂ ಈಗ ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ ಪುಕ್ಕಟೆ ಸಿಗುತ್ತವೆ. ಆದರೆ ಅಷ್ಟಗಲದ ಪುಟವನ್ನು ಆರು ಇಂಚಿಗೆ ಕುಗ್ಗಿಸಿದರೆ ಇರುವೆ ಸಾಲು ನೋಡಿದ ಹಾಗೆ. ಹಿಗ್ಗಿಸಿ, ಸರಿಸಿ, ಮತ್ತೆ ಹಿಗ್ಗಿಸಿ ಓದುವಷ್ಟರಲ್ಲಿ ಯೋಚನೆಯ ಎಳೆ ಕಡಿದುಹೋಗುತ್ತೆ.

ಕನ್ನಡ ಪುಸ್ತಕದ ಕಥೆ ಇನ್ನೂ ಬೇರೆ. ಹಳೇ ಕನ್ನಡ ಪುಸ್ತಕಗಳ ಪಿಡಿಎಫ್ ಬಹಳಷ್ಟು ಬರೀ ಫೋಟೋ. ಬೆರಳು ಎಳೆದರೆ ಅಕ್ಷರ ಹಿಡಿಯೋದೇ ಇಲ್ಲ, ಯಾಕಂದರೆ ಅಲ್ಲಿರೋದು ಚಿತ್ರ, ಅಕ್ಷರ ಅಲ್ಲ. ಇನ್ನು ಯೂನಿಕೋಡ್ (ಎಲ್ಲಾ ಕಡೆ ಒಂದೇ ತರಹ ಓದಿಸಿಕೊಳ್ಳುವ ಅಕ್ಷರ ಸಂಕೇತ) ಬಳಕೆಗೆ ಬರುವ ಮುಂಚಿನ ನುಡಿ, ಬರಹ ಫಾಂಟಿನಲ್ಲಿ ಮಾಡಿದ ಫೈಲುಗಳಲ್ಲಿ ಅಕ್ಷರ ಹಿಡಿಯುತ್ತೆ, ಆದರೆ ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತೆ. ಕನ್ನಡದಲ್ಲಿ ಓದುವವರು ಈ ಎರಡರಲ್ಲಿ ಒಂದಕ್ಕೆ ಸಿಕ್ಕೇ ಸಿಗುತ್ತಾರೆ. ಪೆನ್ನಿಗೆ ಮಾತ್ರ ಇದ್ಯಾವುದರ ಹಂಗೂ ಇಲ್ಲ. ಫೋಟೋ ಇರಲಿ, ನುಡಿ ಇರಲಿ, ಪಕ್ಕದಲ್ಲಿ ಬರೆದರೆ ಆಯಿತು.

ಮೊದಲ ದಿನ ಬರೆಯುತ್ತಾ ಕೂತಿದ್ದಾಗ ಅವ್ವ ಬಗ್ಗಿ ನೋಡಿ, ‘ಏನವಾ, ಪಾಟಿ ಮ್ಯಾಲ ಬರದಂಗ ಬರೀಲಿಕತ್ತಿ’ ಅಂದಳು. ನಿಜ, ಪಾಟಿಯೇ. ನಮ್ಮ ಕಡೆ ಸ್ಲೇಟಿಗೆ ಪಾಟಿ ಅಂತಾರೆ. ಬಳಪದ ಜಾಗದಲ್ಲಿ ಪೆನ್ನು, ಆ ಪೆನ್ನಿಗೆ ಬ್ಯಾಟರಿ ಇಲ್ಲ, ಪರದೆ ಹಿಂದಿನ ಹಾಳೆಯೇ ಅದಕ್ಕೆ ಶಕ್ತಿ ಕೊಡುತ್ತೆ. ಮುಳ್ಳು ಮಾತ್ರ ಸವೆಯುತ್ತೆ, ಆಗಾಗ ಬದಲಿಸಬೇಕು.

ಒಂದು ವಾರ ಕೈ ಬರಹ ಚೆನ್ನಾಗಿ ಬರಲಿಲ್ಲ. ಕಾರಣ ಹುಡುಕಿದರೆ ಗೆರೆ ಹಾಳೆ. ಟ್ಯಾಬ್ಲೆಟ್ ಜೊತೆ ಬಂದ ಗೆರೆ ಹಾಳೆಗಳ ಅಳತೆ ಇಂಗ್ಲಿಷ್ ಬರಹಕ್ಕೆ ಸರಿ. ಕನ್ನಡಕ್ಕೆ ಗೆರೆ ಕೆಳಗೆ ಒತ್ತಕ್ಷರಕ್ಕೆ ಜಾಗ ಬೇಕು, ಮೇಲೆ ಗುಡಿಸಿಗೆ ಜಾಗ ಬೇಕು. ‘ರಾಷ್ಟ್ರ’ ಅಂತ ಬರೆದರೆ ಒತ್ತು ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತಿತ್ತು. ಆಮೇಲೆ ನಾನೇ ಅಗಲ ಗೆರೆಯ ಒಂದು ಹಾಳೆ ಮಾಡಿ ಪಿಡಿಎಫ್ ಆಗಿ ಹಾಕಿಕೊಂಡೆ. ಪೆನ್ನಿನ ದಪ್ಪವನ್ನು ತೀರಾ ಸಣ್ಣದಕ್ಕೆ ಇಳಿಸಿದೆ. ದಪ್ಪ ಇದ್ದರೆ ಒತ್ತಿನ ಹೊಟ್ಟೆ ಮುಚ್ಚಿಹೋಗಿ ಕ್ತ ಯಾವುದು, ಕ್ಕ ಯಾವುದು ಅಂತ ಆಮೇಲೆ ನಮಗೇ ತಿಳಿಯೋದಿಲ್ಲ. ಇಷ್ಟು ಮಾಡಿದ ಮೇಲೆ ಬರಹ ನನ್ನ ವಹಿಯಲ್ಲಿ ಬಂದ ಹಾಗೇ ಬಂತು. ಕನ್ನಡದಲ್ಲಿ ಬರೆಯುವವರು ಬೇರೆ ಯಾವ ಸೆಟ್ಟಿಂಗ್ ಬಿಟ್ಟರೂ ಇದನ್ನು ಬಿಡಬೇಡಿ.

ಈಗ ನಾನು ಓದುವ ರೀತಿ ಹೀಗಿದೆ. ಪಿಡಿಎಫ್ ಸುತ್ತಲಿನ ಬಿಳಿ ಅಂಚನ್ನು ಕತ್ತರಿಸಿ ಅಕ್ಷರ ದೊಡ್ಡದು ಮಾಡಿಕೊಳ್ಳುತ್ತೇನೆ. ಅಂಚು ಹೋದರೆ ಪಕ್ಕದಲ್ಲಿ ಬರೆಯಲು ಜಾಗ ಉಳಿಯೋದಿಲ್ಲ, ಅಲ್ವಾ? ಉಳಿಯದಿದ್ದದ್ದೇ ಒಳ್ಳೆಯದಾಯಿತು. ಪುಸ್ತಕದ ಮೇಲೆ ನಾನೀಗ ಒಂದೇ ಅಕ್ಷರ ಬರೆಯುತ್ತೇನೆ. ನೀರಿನ ವಿಷಯ ಬಂದರೆ ‘ನೀ’. ಕ್ಲಾಸಿನಲ್ಲಿ ಹೇಳುವಂಥದ್ದಾದರೆ ‘ಪಾ’. ನನಗೆ ತಿಳಿಯದಿದ್ದರೆ, ಅಥವಾ ಇನ್ನೊಂದು ಪುಸ್ತಕಕ್ಕೆ ತಾಳೆ ಆಗದಿದ್ದರೆ ‘ಪ್ರ’. ಇಷ್ಟೇ. ಅಧ್ಯಾಯ ಮುಗಿದ ಮೇಲೆ ಪುಸ್ತಕ ಮುಚ್ಚಿ ಟ್ಯಾಬ್ಲೆಟ್ಟಿನಲ್ಲೇ ಇರುವ ಟಿಪ್ಪಣಿ ವಹಿ ತೆಗೆಯುತ್ತೇನೆ. ಪುಸ್ತಕ ಮುಚ್ಚಲೇಬೇಕು. ತೆರೆದಿಟ್ಟುಕೊಂಡರೆ ಕೈ ತಾನಾಗಿಯೇ ಅದರ ವಾಕ್ಯವನ್ನೇ ಎತ್ತಿ ಬರೆಯುತ್ತೆ. ಓದಿದ್ದು ಇಂಗ್ಲಿಷಿನಲ್ಲಾದರೂ ಬರೆಯೋದು ಕನ್ನಡದಲ್ಲಿ, ಅದೂ ಮನೆಯಲ್ಲಿ ಆಡುವ ಕನ್ನಡದಲ್ಲಿ. ಮೂರು ಸಾಲು, ಬಹಳ ಅಂದರೆ ಐದು.

ಗಂಜ್ ಬಗ್ಗೆ ನಾನು ಬರೆದುಕೊಂಡದ್ದು ಹೀಗಿದೆ: ‘ಎತ್ತರದಿಂದ ಬರೋ ನೀರಿನ ಜೋರಿಗೆ ಮಣ್ಣಿನ ಕೊಳವಿ ಒಡೀತಾವ. ಗಂಜ್ ಅಂದ್ರ ನೀರು ದಮ್ಮ ತಗೊಳ್ಳೋ ಜಾಗ. ಮ್ಯಾಲ ಏರಿ ಜೋರು ಕಳಕೋತದ, ರಾಡಿ ತಳಕ್ಕ ಕೂಡತದ, ತಿಳಿ ನೀರು ಮುಂದ ಹೋಗತದ.’ ಮಾರನೇ ವರ್ಷದ ಮಕ್ಕಳಿಗೆ ಅದೇ ಮಾತಿನಲ್ಲಿ ಹೇಳಿದೆ. ವಹಿ ನೋಡದೇ ಹೇಳಿದೆ. ಪುಸ್ತಕದ ಮಾತು ನನ್ನ ಬಾಯಿಗೆ ಬರುವ ಮಾತಾಗಬೇಕಾದರೆ ನಡುವೆ ಕೈ ಬರಹ ಬೇಕು ಅನ್ನೋದು ಆವತ್ತು ನನಗೆ ಗಟ್ಟಿಯಾಯಿತು.

ವಹಿಯಲ್ಲಿ ಪುಸ್ತಕಕ್ಕೊಂದು ಪುಟ ಇಡೋದನ್ನು ಬಿಟ್ಟೆ, ವಿಷಯಕ್ಕೊಂದು ಪುಟ ಇಟ್ಟೆ. ‘ತಾಜ್ ಬಾವಡಿ’ ಒಂದು ಪುಟ. 1620ರಲ್ಲಿ ಮಲಿಕ್ ಸಂದಲ್ ಕಟ್ಟಿಸಿದ್ದು ಅಂತ ಒಂದು ಪುಸ್ತಕದಿಂದ, ಕಮಾನಿನ ವಿವರ ಇನ್ನೊಂದರಿಂದ, ನಾನೇ ಹೋಗಿ ನೋಡಿದ್ದು ಕೆಳಗೆ. ‘ಬೇಗಂ ತಲಾಬ್’ ಕೆರೆಯದು ಇನ್ನೊಂದು. 1651, ಮೊಹಮ್ಮದ್ ಆದಿಲ್ ಶಾ. ಹೆಸರಿನ ಕಾಟ ಬೇರೆ. ಊರು 2014ರ ನವೆಂಬರ್ 1ಕ್ಕೆ ವಿಜಯಪುರ ಆಯಿತು, ಹಳೇ ಪುಸ್ತಕದಲ್ಲೆಲ್ಲಾ ಬಿಜಾಪುರ, ಬೀಜಾಪೂರ. ಬಾವಡಿಯ ಹೆಸರನ್ನು ಒಬ್ಬೊಬ್ಬರು ಒಂದೊಂದು ತರಹ ಬರೆಯುತ್ತಾರೆ. ಕೈಬರಹದ ಕನ್ನಡವನ್ನು ನನ್ನ ಟ್ಯಾಬ್ಲೆಟ್ ಹುಡುಕಿಕೊಡೋದಿಲ್ಲ. ಅದಕ್ಕೆ ವಹಿಯ ಮೊದಲ ಪುಟದಲ್ಲಿ ಒಂದು ಪಟ್ಟಿ ಇಟ್ಟಿದ್ದೇನೆ, ಒಂದು ಜಾಗಕ್ಕೆ ಒಂದೇ ಹೆಸರು, ಎದುರಿಗೆ ಪುಟ ಸಂಖ್ಯೆ.

ಪುಟ ಸಂಖ್ಯೆಯಲ್ಲಿ ಮೊದಮೊದಲು ನಾನು ಬಹಳ ಒದ್ದಾಡಿದೆ. ಫೈಲ್ ತೋರಿಸುವ ಸಂಖ್ಯೆಯೇ ಬೇರೆ, ಪುಸ್ತಕದಲ್ಲಿ ಅಚ್ಚಾದ ಸಂಖ್ಯೆಯೇ ಬೇರೆ. ರಟ್ಟು, ಮುನ್ನುಡಿ, ಚಿತ್ರದ ಹಾಳೆ ಎಲ್ಲಾ ಫೈಲಿನ ಲೆಕ್ಕಕ್ಕೆ ಸೇರಿರುತ್ತವೆ. ಈಗ ಯಾವಾಗಲೂ ಅಚ್ಚಾದ ಸಂಖ್ಯೆಯನ್ನೇ ಬರೆಯುತ್ತೇನೆ. ಫೈಲಿನ ಮೊದಲ ಪುಟದ ಮೇಲೆ ಎರಡರ ವ್ಯತ್ಯಾಸ ಬರೆದಿಡುತ್ತೇನೆ, ‘+22’ ಅಂತ. ನಾಳೆ ಅದೇ ಪುಸ್ತಕ ಲೈಬ್ರರಿಯಲ್ಲಿ ಕಾಗದದ ರೂಪದಲ್ಲಿ ಸಿಕ್ಕರೂ ನನ್ನ ಟಿಪ್ಪಣಿ ಕೆಲಸಕ್ಕೆ ಬರಬೇಕು. ರೀಡರ್ ಕೊಡುವ ‘ಲೊಕೇಶನ್’ ಸಂಖ್ಯೆ ಆ ಫೈಲಿನ ಆಚೆ ಯಾರಿಗೂ ಉಪಯೋಗ ಇಲ್ಲ.

ಭಾನುವಾರ ಸಂಜೆ ಒಂದು ತಾಸು ಇದಕ್ಕೇ ಮೀಸಲು. ಆ ವಾರ ಬರೆದದ್ದನ್ನು ಗಟ್ಟಿಯಾಗಿ ಓದುತ್ತೇನೆ, ಫೋನಿನ ಕನ್ನಡ ವಾಯ್ಸ್ ಟೈಪಿಂಗ್ ಅದನ್ನು ಯೂನಿಕೋಡಿನಲ್ಲಿ ಇಳಿಸಿಕೊಳ್ಳುತ್ತೆ. ಕೀಲಿ ಒತ್ತಿ ಟೈಪ್ ಮಾಡುವುದಕ್ಕಿಂತ ಬಹಳ ಬೇಗ ಆಗುತ್ತೆ. ನಮ್ಮ ಕಡೆಯ ಮಾತು ಅದಕ್ಕೆ ಅಷ್ಟು ಹಿಡಿಸೋದಿಲ್ಲ, ‘ಬಾವಡಿ’ ಅಂದರೆ ಏನೇನೋ ಬರೆಯುತ್ತೆ, ತಿದ್ದಬೇಕು. ಹಾಗೆ ತಿದ್ದುವಾಗ ಇನ್ನೊಂದು ಸಲ ಓದಿದ ಹಾಗಾಗುತ್ತೆ. ಈ ಟೈಪ್ ಆದದ್ದರಲ್ಲಿ ಹುಡುಕಬಹುದು. ಕೊನೆಗೆ ವಹಿಯನ್ನು ಪಿಡಿಎಫ್ ಮಾಡಿ ಡ್ರೈವಿಗೂ ಒಂದು ಪೆನ್‌ಡ್ರೈವಿಗೂ ಹಾಕುತ್ತೇನೆ. ಬಸ್ಸಿನ ಪಾಠ ಮರೆತಿಲ್ಲ.

ಟ್ಯಾಬ್ಲೆಟ್ ಹಿಡಿದುಕೊಂಡು ಬಾವಡಿ ಮೆಟ್ಟಿಲ ಮೇಲೆ ಕೂತು ಬರೆಯೋದು ಒಂದು ಸುಖ. ಬಿಸಿಲು ಬಿದ್ದಷ್ಟೂ ಇ-ಇಂಕ್ ಇನ್ನೂ ಸ್ಪಷ್ಟ ಕಾಣುತ್ತೆ, ಕಾಗದದ ಹಾಗೆ. ಆದರೆ ಕಿಂಡಲ್‌ನಂಥ ರೀಡರ್‌ಗಳಿಗೆ ತಯಾರಕರೇ ಹೇಳುವ ಮಿತಿ 35 ಡಿಗ್ರಿ. ನಮ್ಮೂರ ಬೇಸಿಗೆ 40 ದಾಟುತ್ತೆ. ಅದಕ್ಕೆ ಮಾರ್ಚ್ ಆದ ಮೇಲೆ ಬೆಳಿಗ್ಗೆ ಒಂಬತ್ತರೊಳಗೆ ಕೆಲಸ ಮುಗಿಸಿ ಬ್ಯಾಗಿನೊಳಗೆ ಟವೆಲ್ ಸುತ್ತಿ ಇಡುತ್ತೇನೆ.

ಹಾಗೆ ಕೂತಾಗ ನನಗೆ ಫ. ಗು. ಹಳಕಟ್ಟಿಯವರ ನೆನಪು ಬರುತ್ತೆ. ಇದೇ ಊರಲ್ಲಿ ವಕೀಲರಾಗಿದ್ದವರು. ಮನೆ ಮನೆ ತಿರುಗಿ ವಚನದ ತಾಳೆಗರಿ ಕಟ್ಟುಗಳನ್ನು ಕೂಡಿಸಿ, ಮನೆ ಮಾರಿ 1925ರಲ್ಲಿ ಹಿತಚಿಂತಕ ಅಂತ ಛಾಪಖಾನೆ ಹಾಕಿದವರು. ಆ ಗರಿಗಳನ್ನು ಬರೆದವರ ಕೈಯಲ್ಲಿ ಇದ್ದದ್ದು ಕಂಟ, ಕಬ್ಬಿಣದ ಮೊನೆ. ಗರಿ ಮೇಲೆ ಕೊರೆದು ಆಮೇಲೆ ಮಸಿ ಸವರಿದರೆ ಅಕ್ಷರ ಕಾಣುತ್ತಿತ್ತು. ಅಷ್ಟು ಕಷ್ಟಪಟ್ಟು ಬರೆದದ್ದು ನಮ್ಮ ತನಕ ಬಂತು. ಬೆರಳು ಎಳೆದು 1,300 ಗುರುತು ಹಾಕಿದ ನನಗೆ ಆ ಯೋಚನೆ ಬಹಳ ಸಲ ಬಂದಿದೆ.

ಕಥೆ ಕಾದಂಬರಿಗೆ ನಾನು ಇದ್ಯಾವುದನ್ನೂ ಮಾಡೋದಿಲ್ಲ. ಅವುಗಳನ್ನು ಸುಮ್ನೆ ಓದುತ್ತೇನೆ, ಪೆನ್ನು ದೂರ ಇಟ್ಟು.

ಹೋದ ತಿಂಗಳು ಮಕ್ಕಳು ಕೇಳಿದರು ಅಂತ ನೀರಿನ ಟಿಪ್ಪಣಿಯ 14 ಪುಟ ಕಳಿಸಿದೆ. ಅದರಲ್ಲಿ ‘ಪ್ರ’ ಅಂತ ಬರೆದ ಜಾಗಗಳನ್ನು ಅಳಿಸಿರಲಿಲ್ಲ. ಸುರಂಗ ಬಾವಡಿಯ ಪುಟದಲ್ಲೇ ನಾಲ್ಕು ‘ಪ್ರ’ ಇವೆ. ಊರ ಹತ್ತಿರದ ತೊರವಿಯಿಂದ ನೆಲದೊಳಗೆ ಬರುವ ಸುರಂಗದ ಗಾಳಿ ಬಾವಿಗಳಲ್ಲಿ ಈಗ ಎಷ್ಟು ಕಾಣುತ್ತವೆ ಅನ್ನೋದು ಅವುಗಳಲ್ಲಿ ಒಂದು. ಇಬ್ಬರು ಹುಡುಗರು ಬಂದು, ‘ಮೇಡಂ, ನಾವು ಎಣಿಸಿಕೊಂಡು ಬರ್ತೀವ್ರೀ, ನೀವೂ ಬರ್ರಿ’ ಅಂದರು. ಈ ಭಾನುವಾರ ಬೆಳಿಗ್ಗೆ ಆರೂವರೆಗೆ ತೊರವಿಗೆ ಹೊರಟಿದ್ದೇವೆ. ಅಗಲ ಗೆರೆಯ ಹೊಸ ಪುಟವೊಂದನ್ನು ತೆಗೆದು ಮೇಲೆ ತಾರೀಕು ಬರೆದಿಟ್ಟಿದ್ದೇನೆ.