ಧಕ್ಕೆಯ ಬದಿಯಲ್ಲಿ ರಾಕೆಟ್ ಕಾರ್ಖಾನೆ ಕಟ್ಟುವ ಕ್ರಮ

ದೊಡ್ಡ ರಾಕೆಟ್ಟಿನ ಕಾರ್ಖಾನೆಯನ್ನು ಸಮುದ್ರದ ದಡಕ್ಕೆ ಎಳೆದು ತರುವುದು ಆ ರಾಕೆಟ್ಟಿನ ವ್ಯಾಸ. ಉದ್ದವಾದ ಹಂತವನ್ನು, ಅಂದರೆ ರಾಕೆಟ್ಟಿನ ಒಂದು ಭಾಗವನ್ನು, ಉದ್ದನೆಯ ಟ್ರೇಲರ್ ಮೇಲೆ ಮಲಗಿಸಿ ಹೆದ್ದಾರಿಯಲ್ಲಿ ಒಯ್ಯಬಹುದು. ದಪ್ಪ ಹಂತವನ್ನು ಮೇಲ್ಸೇತುವೆಯ ಕೆಳಗೆ ತೂರಿಸಲು ಬರುವುದಿಲ್ಲ. ಸ್ಪೇಸ್‌ಎಕ್ಸ್ ಸಂಸ್ಥೆಯ ಫಾಲ್ಕನ್ 9 ರಾಕೆಟ್ಟಿನ ವ್ಯಾಸ ಸುಮಾರು 3.7 ಮೀಟರಿಗೆ ನಿಂತಿರುವುದು ರಸ್ತೆ ಸಾಗಣೆಯ ಮಿತಿಯಿಂದ. ಚೀನಾದ ಹಳೆಯ ಲಾಂಗ್ ಮಾರ್ಚ್ ರಾಕೆಟ್ಟುಗಳ ಮುಖ್ಯ ಹಂತಗಳು 3.35 ಮೀಟರಿಗೆ ನಿಂತದ್ದು ರೈಲುಮಾರ್ಗದ ಮಿತಿಯಿಂದ. 5 ಮೀಟರ್ ವ್ಯಾಸದ ಲಾಂಗ್ ಮಾರ್ಚ್ 5 ಬಂದಾಗ ಚೀನಾ ಬಂದರು ನಗರವಾದ ತ್ಯಾನ್‌ಜಿನ್‌ನಲ್ಲಿ ಹೊಸ ಕಾರ್ಖಾನೆ ಕಟ್ಟಿ, ಅಲ್ಲಿಂದ ಹಡಗಿನಲ್ಲಿ ಹೈನಾನ್ ದ್ವೀಪಕ್ಕೆ ಸಾಗಿಸತೊಡಗಿತು. ನಮ್ಮಲ್ಲಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುವ ಎಲ್‌ವಿಎಂ3 ರಾಕೆಟ್ಟಿನ 4 ಮೀಟರ್ ವ್ಯಾಸದ ಟ್ಯಾಂಕುಗಳಿಗೆ ಇನ್ನೂ ರಸ್ತೆಯೇ ಸಾಕಾಗಿದೆ. ನಿಮ್ಮ ರಾಕೆಟ್ ಈ ಅಳತೆಯೊಳಗೇ ಇದ್ದರೆ ಬಂದರಿನ ಗೊಡವೆಗೆ ಹೋಗಬೇಡಿ. ಬಂದರಿನ ಜಾಗ ದುಬಾರಿ, ಅದರ ಗಾಳಿ ಲೋಹಕ್ಕೆ ಶತ್ರು.

ವ್ಯಾಸ ಅದಕ್ಕಿಂತ ಹೆಚ್ಚಾಗಿದ್ದರೆ ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಉಡಾವಣಾ ಕಟ್ಟೆಯ ಪಕ್ಕದಲ್ಲೇ ರಾಕೆಟ್ ಕಟ್ಟಲಾಗದೇ? ಲಾಸ್ ಏಂಜಲೀಸ್ ಬಂದರಿನ ಟರ್ಮಿನಲ್ ದ್ವೀಪದಲ್ಲಿ ನಡೆದದ್ದನ್ನು ಈ ಪ್ರಶ್ನೆಯ ಜೊತೆಗಿಟ್ಟು ಓದಬೇಕು. 9 ಮೀಟರ್ ವ್ಯಾಸದ ಹೊಸ ರಾಕೆಟ್ಟನ್ನು ಹಾಥಾರ್ನ್‌ನಲ್ಲಿರುವ ತನ್ನ ಮೂಲ ಕಾರ್ಖಾನೆಯಿಂದ ಬೀದಿಗಳ ಮೂಲಕ ಹೊರತರುವುದು ಕಷ್ಟವೆಂದು ಸ್ಪೇಸ್‌ಎಕ್ಸ್ 2018ರಲ್ಲಿ ಆ ಬಂದರಿನ 240ನೇ ಬರ್ತ್‌ನಲ್ಲಿ (ಹಡಗು ನಿಲ್ಲುವ ತಾಣ), ಒಂದು ಕಾಲದಲ್ಲಿ ಹಡಗುಕಟ್ಟೆಯಾಗಿದ್ದ ಸುಮಾರು 18 ಎಕರೆ ಜಾಗವನ್ನು, ವರ್ಷಕ್ಕೆ ಸುಮಾರು 13.8 ಲಕ್ಷ ಡಾಲರ್ ಬಾಡಿಗೆಗೆ ಗುತ್ತಿಗೆ ಹಿಡಿಯಲು ಒಪ್ಪಿಗೆ ಪಡೆಯಿತು. ಆಗ ರಾಕೆಟ್ ಕಾರ್ಬನ್ ಫೈಬರಿನದ್ದಾಗಬೇಕಿತ್ತು. ಅದಕ್ಕೆ ದೈತ್ಯ ಅಚ್ಚು, ನಿಯಂತ್ರಿತ ಗಾಳಿ, ದೊಡ್ಡ ಛಾವಣಿ ಎಲ್ಲವೂ ಬೇಕು. ಆದರೆ ಆ ವರ್ಷದ ಕೊನೆಯ ಹೊತ್ತಿಗೆ ವಸ್ತು ಸ್ಟೇನ್‌ಲೆಸ್ ಸ್ಟೀಲಿಗೆ ಬದಲಾಯಿತು, ಉಕ್ಕಿನ ಬಳೆಗಳನ್ನು ಟೆಕ್ಸಸ್‌ನ ಬೋಕಾ ಚಿಕಾದಲ್ಲಿ ಉಡಾವಣಾ ಸ್ಥಳದ ಬಳಿಯೇ, ಮೊದಮೊದಲು ಬಯಲಿನಲ್ಲಿ, ಬೆಸೆಯತೊಡಗಿದರು, ಬಂದರಿನ ಕಾರ್ಖಾನೆಗೆ ಕೆಲಸವೇ ಉಳಿಯಲಿಲ್ಲ. 2019ರಲ್ಲಿ ಯೋಜನೆ ಬಿಟ್ಟರು; 2020ರ ಆರಂಭದಲ್ಲಿ ಅದೇ ಜಾಗಕ್ಕೆ ಮತ್ತೆ ಒಪ್ಪಿಗೆ ಪಡೆದು, ಅದನ್ನೂ ಸ್ವಲ್ಪದರಲ್ಲೇ ಕೈಬಿಟ್ಟರು. ಇದನ್ನು ಕೆಲವರು ಸೋಲೆಂದು ಹೇಳುತ್ತಾರೆ. ಗೋಡೆ ಏಳುವ ಮೊದಲೇ ಬಿಟ್ಟದ್ದರಿಂದ ನನಗದು ಒಳ್ಳೆಯ ಲೆಕ್ಕಾಚಾರವಾಗಿಯೇ ಕಾಣುತ್ತದೆ. ಒಟ್ಟಿನಲ್ಲಿ, ಯಾವ ವಸ್ತು, ಯಾವ ಕಟ್ಟೆ ಎಂಬೆರಡು ನಿರ್ಧಾರಗಳು ಗಟ್ಟಿಯಾಗುವ ತನಕ ಬಂದರಿನಲ್ಲಿ ಅಡಿಪಾಯ ತೋಡಬಾರದು.

ಅವೆರಡೂ ಗಟ್ಟಿಯಾದ ಮೇಲೆ ಮಾರ್ಗದ ನಕ್ಷೆಯನ್ನು ಉಡಾವಣಾ ಕಟ್ಟೆಯಿಂದ ಹಿಂದಕ್ಕೆ ಬರೆಯುತ್ತ ಬನ್ನಿ. ಕಟ್ಟೆಯ ಬಳಿ ಹಡಗಿನಿಂದ ಸರಕು ಇಳಿಸುವ ಧಕ್ಕೆ ಇದೆಯೇ, ಅಲ್ಲಿಂದ ಕಟ್ಟೆಯವರೆಗಿನ ದಾರಿಯಲ್ಲಿ ಯಾವ ತಿರುವು, ಯಾವ ಕಂಬ, ಯಾವ ತಂತಿ ಅಡ್ಡ ಬರುತ್ತದೆ ಎಂಬುದನ್ನು ಅಳೆದು ಬರೆಯಿರಿ. ಜಪಾನಿನಲ್ಲಿ ನಗೋಯಾ ಬಳಿಯ ಕಾರ್ಖಾನೆಯಿಂದ ಹಡಗಿನಲ್ಲಿ ಬರುವ ರಾಕೆಟ್ ಹಂತಗಳನ್ನು ತನೆಗಾಶಿಮಾ ದ್ವೀಪದ ರಸ್ತೆಗಳಲ್ಲಿ ರಾತ್ರಿ ಹೊತ್ತು ನಿಧಾನವಾಗಿ ಒಯ್ಯುತ್ತಾರೆ. ಅಡ್ಡ ಬರುವ ಟ್ರಾಫಿಕ್ ಸಿಗ್ನಲ್ಲುಗಳ ತೋಳನ್ನು ಬದಿಗೆ ತಿರುಗಿಸುವಂತೆ ಮಾಡಿಕೊಂಡಿದ್ದಾರೆ. ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ ಬಾರ್ಜು (ಚಪ್ಪಟೆ ತಳದ ಸರಕು ದೋಣಿ) ಜೋಡಣಾ ಕಟ್ಟಡದ ಹತ್ತಿರಕ್ಕೇ ಬರುವಂತೆ ಕಾಲುವೆ ತೋಡಿ, ಅದರ ತುದಿಯಲ್ಲಿ ಬಾರ್ಜು ತಿರುಗುವಷ್ಟು ಅಗಲದ ಕೊಳ ಮಾಡಿದ್ದಾರೆ. ಎರಡನೆಯದರಲ್ಲಿ ಆರಂಭದ ಖರ್ಚು ಹೆಚ್ಚು, ಆಮೇಲಿನ ತಾಪತ್ರಯ ಕಡಿಮೆ.

ನೀರಿನ ದಾರಿಯಲ್ಲಿ ಆಳದಷ್ಟೇ ಮುಖ್ಯವಾದದ್ದು ಸೇತುವೆ. 2012ರ ಜನವರಿಯಲ್ಲಿ, ಅಲಬಾಮಾದ ಡೆಕಾಟರ್‌ನಿಂದ ರಾಕೆಟ್ ಭಾಗಗಳನ್ನು ಹೊತ್ತು ಹೊರಟಿದ್ದ ಡೆಲ್ಟಾ ಮ್ಯಾರಿನರ್ ಹಡಗು ರಾತ್ರಿ ಹೊತ್ತು ಕೆಂಟಕಿಯ ಎಗ್ನರ್ ಫೆರಿ ಸೇತುವೆಯ ಕೆಳಗೆ, ಎತ್ತರದ ಕಮಾನನ್ನು ಬಿಟ್ಟು ತಗ್ಗಾದ ಕಮಾನಿನತ್ತ ನುಗ್ಗಿ, ಸೇತುವೆಯ ಒಂದು ಭಾಗವನ್ನೇ ಕಿತ್ತುಹಾಕಿತು. ಪ್ರಾಣಹಾನಿ ಆಗಲಿಲ್ಲ. ಆ ದಾರಿ ಅವರಿಗೆ ಹೊಸದೂ ಆಗಿರಲಿಲ್ಲ. ಸೇತುವೆಯ ಸಂಚಾರದೀಪಗಳಲ್ಲಿ ಹಲವು ಉರಿಯುತ್ತಿರಲಿಲ್ಲ. ಹಾಗಾಗಿ ಪ್ರತಿ ಸೇತುವೆಗೂ ಯಾವ ಕಮಾನು, ಎಷ್ಟು ಎತ್ತರ, ನೀರು ಎಷ್ಟು ಏರಿದಾಗ ಎಷ್ಟು ಸಂದು ಉಳಿಯುತ್ತದೆ, ರಾತ್ರಿ ಹೋಗಬಹುದೇ ಬಾರದೇ ಎಂಬ ಪಟ್ಟಿ ಸಿದ್ಧವಿರಬೇಕು. ಸಾಧ್ಯವಿದ್ದರೆ ಕಾರ್ಖಾನೆಗೂ ತೆರೆದ ಸಮುದ್ರಕ್ಕೂ ನಡುವೆ ಸೇತುವೆಯೇ ಇಲ್ಲದ ಬರ್ತ್ ಆರಿಸುವುದು ಲೇಸು.

ಸರಕಿನ ಕಂಟೇನರನ್ನು ಕ್ರೇನಿನಿಂದ ಎತ್ತಿಡುವಂತೆ ರಾಕೆಟ್ ಹಂತವನ್ನು ಎತ್ತಿಡುವುದಕ್ಕಿಂತ, ನೂರಾರು ಚಕ್ರಗಳ, ತನ್ನದೇ ಎಂಜಿನ್ನಿನಿಂದ ಚಲಿಸುವ ವಾಹನದ ಮೇಲಿಟ್ಟು ಉರುಳಿಸಿಕೊಂಡು ಬಾರ್ಜಿಗೆ ಹತ್ತಿಸುವುದು ರೂಢಿ. ಇಲ್ಲಿ ತೊಡಕು ಉಬ್ಬರ ಇಳಿತದ್ದು. ವಾಹನದ ಮುಂದಿನ ಚಕ್ರಗಳು ಬಾರ್ಜಿನ ಮೇಲೆ ಹೋದ ಕೂಡಲೇ ಬಾರ್ಜು ತಗ್ಗುತ್ತದೆ. ಅದೇ ವೇಳೆಗೆ ನೀರಿನ ಮಟ್ಟವೂ ಏರುತ್ತಲೋ ಇಳಿಯುತ್ತಲೋ ಇರುತ್ತದೆ. ಬಾರ್ಜಿನ ಹೊಟ್ಟೆಯೊಳಗಿನ ನೀರನ್ನು ಪಂಪುಗಳಿಂದ ಹೊರಹಾಕುತ್ತ, ಧಕ್ಕೆಯ ಮಟ್ಟಕ್ಕೂ ಬಾರ್ಜಿನ ಮಟ್ಟಕ್ಕೂ ಹೆಚ್ಚು ವ್ಯತ್ಯಾಸ ಬಾರದಂತೆ ನೋಡಿಕೊಳ್ಳಬೇಕು. ಆದ್ದರಿಂದ ಧಕ್ಕೆಯ ಎತ್ತರವನ್ನು ಆ ಬಂದರಿನ ಉಬ್ಬರದ ಕೋಷ್ಟಕ ನೋಡಿಯೇ ನಿಗದಿ ಮಾಡಿ, ಪಂಪುಗಳಿಗೆ ಬದಲಿ ವಿದ್ಯುತ್ ಇಟ್ಟು, ಕಾರ್ಖಾನೆಯ ಬಾಗಿಲಿನಿಂದ ಧಕ್ಕೆಯ ಅಂಚಿನವರೆಗೆ ಇಳಿಜಾರಿಲ್ಲದ ನೇರ ಕಾಂಕ್ರೀಟ್ ದಾರಿ ಹಾಕಿಸಿ. ಬಾರ್ಜಿನ ಉದ್ದವನ್ನೂ ಈಗಲೇ ಯೋಚಿಸಬೇಕು. ಸುಮಾರು 47 ಮೀಟರ್ ಉದ್ದದ ಶಟಲ್ ಬಾಹ್ಯಾಕಾಶ ನೌಕೆಯ ಇಂಧನ ಟ್ಯಾಂಕಿಗೆಂದು ಮಾಡಿದ್ದ ನಾಸಾದ ಪೆಗಾಸಸ್ ಬಾರ್ಜನ್ನು, ಸುಮಾರು 65 ಮೀಟರ್ ಉದ್ದದ, ಎಸ್‌ಎಲ್‌ಎಸ್ ಎಂಬ ದೈತ್ಯ ರಾಕೆಟ್ಟಿನ ಹಂತಕ್ಕಾಗಿ ಕತ್ತರಿಸಿ ನಡುವೆ ಹೊಸ ಭಾಗ ಸೇರಿಸಿ ಸುಮಾರು 94 ಮೀಟರಿಗೆ ಬೆಳೆಸಬೇಕಾಯಿತು.

ಬಂದರಿನ ನೆಲವನ್ನು ನಂಬುವ ಮುನ್ನ ಕೊರೆದು ನೋಡಬೇಕು. ಅದರಲ್ಲಿ ಬಹುಪಾಲು ಹೂಳೆತ್ತಿ ತುಂಬಿಸಿದ ನೆಲ. ಭೂಕಂಪವಾದರೆ ನೀರು ಕುಡಿದ ಮರಳು ದ್ರವದಂತೆ ಹರಿಯುವ ಭಯವಿರುತ್ತದೆ. ಟರ್ಮಿನಲ್ ದ್ವೀಪದ ಕಥೆ ಇನ್ನೂ ವಿಚಿತ್ರ: ಕೆಳಗಿದ್ದ ವಿಲ್ಮಿಂಗ್ಟನ್ ತೈಲಕ್ಷೇತ್ರದಿಂದ ಎಣ್ಣೆ ಎತ್ತಿದ್ದರಿಂದ ಅಲ್ಲಿನ ನೆಲ ಕೆಲವೆಡೆ ಸುಮಾರು 9 ಮೀಟರ್ ಕುಸಿದಿತ್ತು, ನೆಲದೊಳಕ್ಕೆ ನೀರು ತುಂಬಿಸಿದ ಮೇಲಷ್ಟೇ ಕುಸಿತ ನಿಂತಿತು. ಹಳೆಯ ಹಡಗುಕಟ್ಟೆಯ ಜಾಗವಾಗಿದ್ದರೆ ಬಣ್ಣ, ಸೀಸ, ಎಣ್ಣೆಯ ಶೇಷ ಮಣ್ಣಿನಲ್ಲಿ ಸೇರಿರುವುದು ಸಾಮಾನ್ಯ. ಅದನ್ನು ಯಾರ ಖರ್ಚಿನಲ್ಲಿ ತೆಗೆಯಬೇಕೆಂಬುದು ಗುತ್ತಿಗೆ ಪತ್ರದಲ್ಲೇ ಇರಲಿ.

ಕಟ್ಟಡದ ವಿನ್ಯಾಸದಲ್ಲಿ ಕೊಕ್ಕೆಯ ಎತ್ತರ, ಬಾಗಿಲಿನ ಅಗಲ ಮೊದಲು, ಗೋಡೆ ಆಮೇಲೆ. ಹಂತವನ್ನು ನಿಲ್ಲಿಸಿ ಬೆಸೆಯುವುದಾದರೆ ಕ್ರೇನಿನ ಕೊಕ್ಕೆ ಹಂತದ ಉದ್ದಕ್ಕಿಂತ ಮೇಲಿರಬೇಕು. ಮಲಗಿಸಿ ಬೆಸೆಯುವುದಾದರೆ ತನ್ನ ತೂಕಕ್ಕೆ ತಾನೇ ಬಾಗುವ ತೆಳು ಕೊಳವೆಯನ್ನು ದುಂಡಗೆ ಹಿಡಿದಿಡುವ ಒಳಚೌಕಟ್ಟು ಬೇಕು. ಯಂತ್ರಗಳ ಅಡಿಪಾಯಕ್ಕೆ ಕಟ್ಟಡದ ಅಡಿಪಾಯದಿಂದ ಬೇರೆಯಾದ, ಗಟ್ಟಿ ಪದರಕ್ಕೆ ಮುಟ್ಟುವ ಕಂಬಗಳನ್ನು ಇಳಿಸಿ. ನ್ಯೂ ಆರ್ಲಿಯನ್ಸ್ ಬಳಿಯ ನಾಸಾದ ಮಿಶೂಡ್ ಕಾರ್ಖಾನೆಯಲ್ಲಿ ಎಸ್‌ಎಲ್‌ಎಸ್ ಟ್ಯಾಂಕುಗಳನ್ನು ಬೆಸೆಯಲು ನಿಲ್ಲಿಸಿದ ಬೃಹತ್ ಗೋಪುರ ಸಾಲು ತಪ್ಪಿದೆಯೆಂದು ತಿಳಿದ ಮೇಲೆ ಅದನ್ನು ಬಿಚ್ಚಿ ಮತ್ತೆ ಜೋಡಿಸಬೇಕಾಯಿತು. ಬುಡದಲ್ಲಿ ಕೂದಲೆಳೆಯಷ್ಟಿರುವ ಓರೆ ತುದಿಯಲ್ಲಿ ಕಣ್ಣಿಗೆ ಕಾಣುವಷ್ಟಾಗುತ್ತದೆ, ಅಷ್ಟರಲ್ಲಿ ಬೆಸುಗೆ ಕೆಟ್ಟಿರುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಹಣ ಹಾಕಬೇಕಾದದ್ದು ಗಾಳಿಗೆ. ಉಪ್ಪುಗಾಳಿಯ ಕ್ಲೋರೈಡ್ ಅಲ್ಯೂಮಿನಿಯಂ ಮಿಶ್ರಲೋಹವನ್ನು, ಅದರಲ್ಲೂ ತಾಮ್ರ ಸೇರಿರುವ ಟ್ಯಾಂಕಿನ ಮಿಶ್ರಲೋಹಗಳನ್ನು, ಚುಕ್ಕಿ ಚುಕ್ಕಿಯಾಗಿ ಕೊರೆಯುತ್ತದೆ. ಬೆಸುಗೆಯ ಅಂಚಿಗೆ ಅಂಟಿದ ತೇವ ಅಲ್ಯೂಮಿನಿಯಂ ಬೆಸುಗೆಯೊಳಗೆ ಗಾಳಿಗುಳ್ಳೆಗಳಾಗಿ ಉಳಿಯುತ್ತದೆ. ಬೆಸುಗೆ ನಡೆಯುವ ಕೋಣೆಯೊಳಗಿನ ಗಾಳಿಯ ಒತ್ತಡ ಹೊರಗಿನ ಗಾಳಿಗಿಂತ ಕೊಂಚ ಹೆಚ್ಚಿರಲಿ, ದೊಡ್ಡ ಬಾಗಿಲುಗಳು ಜೋಡಿಯಾಗಿರಲಿ, ಒಂದು ಮುಚ್ಚದೆ ಇನ್ನೊಂದು ತೆರೆಯದಿರಲಿ. ಸ್ಟೇನ್‌ಲೆಸ್ ಸ್ಟೀಲಾದರೆ ಚಿಂತೆಯಿಲ್ಲ ಎಂಬ ಮಾತು ಅರ್ಧ ಸತ್ಯ: ಸಾಮಾನ್ಯ ಕಬ್ಬಿಣ ಉಜ್ಜಿದ ತಂತಿ ಬ್ರಷ್ಷನ್ನೋ ಗ್ರೈಂಡಿಂಗ್ ಚಕ್ರವನ್ನೋ ಅದರ ಮೇಲೆ ಬಳಸಿದರೆ ಕಬ್ಬಿಣದ ಪುಡಿ ಮೈಯಲ್ಲಿ ಸಿಕ್ಕಿಕೊಂಡು, ಕಡಲ ಗಾಳಿಯಲ್ಲಿ ಕೆಲವೇ ದಿನಗಳಲ್ಲಿ ಕಂದು ಚುಕ್ಕೆಗಳೇಳುತ್ತವೆ. ಆ ಸಲಕರಣೆಗಳಿಗೆ ಬೇರೆ ಬಣ್ಣ ಬಳಿದು, ಬೇರೆ ಬೀರುವಿನಲ್ಲಿ ಬೀಗ ಹಾಕಿಡಿ. ಸಾಗಣೆಯ ಹೊತ್ತಿಗೆ ಟ್ಯಾಂಕುಗಳಲ್ಲಿ ಒಣ ನೈಟ್ರೋಜನ್ ತುಂಬಿ ತುಸು ಒತ್ತಡದಲ್ಲಿಟ್ಟರೆ ತೇವ ಒಳನುಗ್ಗುವುದಿಲ್ಲ.

ಪ್ರವಾಹಕ್ಕೆ ಸುತ್ತಲೂ ಏರಿ ಇದ್ದರಷ್ಟೇ ಸಾಲದು, ಒಳಗೆ ಬಿದ್ದ ಮಳೆಯನ್ನು ಹೊರಹಾಕುವ ಪಂಪುಗಳೂ ಅವುಗಳನ್ನು ನಡೆಸುವ ಜನರೂ ಬೇಕು. 2005ರ ಕಟ್ರೀನಾ ಚಂಡಮಾರುತದಲ್ಲಿ ಮಿಶೂಡ್ ಕಾರ್ಖಾನೆ ಉಳಿದದ್ದು ಊರು ಬಿಟ್ಟು ಹೋಗದೆ ಅಲ್ಲೇ ಉಳಿದು ಪಂಪುಗಳನ್ನು ನಡೆಸಿದ 38 ಮಂದಿಯಿಂದ. ನಿಮ್ಮ ಯೋಜನೆಯಲ್ಲಿ ಅಂಥ ತಂಡಕ್ಕೆ ಗಟ್ಟಿ ಕೋಣೆ, ಕುಡಿಯುವ ನೀರು, ಡೀಸೆಲ್ ದಾಸ್ತಾನು ಇವೆಲ್ಲ ನೆಲಮಹಡಿಗಿಂತ ಮೇಲೆ ಇರಬೇಕು; ಪಂಪಿನ ವಿದ್ಯುತ್ ಫಲಕವೂ ಅಷ್ಟೇ.

ಗುತ್ತಿಗೆಯನ್ನು ಹಂತಹಂತವಾಗಿ ಬೆಳೆಯುವಂತೆ ಬರೆಸಿಕೊಳ್ಳಿ. ಟರ್ಮಿನಲ್ ದ್ವೀಪದ ಒಪ್ಪಂದ 10 ವರ್ಷದ್ದಾಗಿ, ಮುಂದೆ ವಿಸ್ತರಿಸುವ ಅವಕಾಶವನ್ನೂ ಒಳಗೊಂಡಿತ್ತು. ವಿನ್ಯಾಸ ಬದಲಾದರೆ ಹೊರಬರುವ ದಾರಿ, ಬರ್ತ್ ಮುಂದೆ ಹೂಳೆತ್ತುವ ಹೊಣೆ, ಬೇರೆ ಹಡಗುಗಳಿಗಿಂತ ನಿಮ್ಮ ಬಾರ್ಜಿಗೆ ಸಿಗುವ ಆದ್ಯತೆ ಇವು ಮೂರೂ ಬಾಡಿಗೆಗಿಂತ ಹೆಚ್ಚು ಚೌಕಾಸಿ ಮಾಡಬೇಕಾದ ಅಂಶಗಳು.

ಕಾರ್ಖಾನೆ ಸಿದ್ಧವಾದ ಮೇಲೆ ಮೊದಲು ಹೊರಡಬೇಕಾದದ್ದು ನಿಜವಾದ ರಾಕೆಟ್ ಅಲ್ಲ, ಅದೇ ಆಕಾರದ, ಅದೇ ಉದ್ದದ, ಅದೇ ತೂಕದ ಅಣಕು ಹಂತ. ನಾಸಾ 2019ರಲ್ಲಿ ಇಂಥದೊಂದನ್ನು ಪೆಗಾಸಸ್ ಬಾರ್ಜಿನಲ್ಲಿ ಕೆನಡಿ ಕೇಂದ್ರಕ್ಕೆ ಕಳುಹಿಸಿ, ಇಳಿಸುವ, ಎತ್ತುವ, ನಿಲ್ಲಿಸುವ ಕೆಲಸವನ್ನೆಲ್ಲ ಅದರ ಮೇಲೆ ಅಭ್ಯಾಸ ಮಾಡಿಸಿತು. ನಿಜವಾದ ಹಂತ ಕಾರ್ಖಾನೆ ಬಿಟ್ಟು ಹೊರಟದ್ದು 2020ರ ಜನವರಿಯಲ್ಲಿ. ನಿಮ್ಮ ಅಣಕು ಹಂತವನ್ನು ಕಡಿಮೆ ಎಂದರೂ ಒಮ್ಮೆ ದೊಡ್ಡ ಉಬ್ಬರದ ದಿನವೇ ಬಾರ್ಜಿಗೆ ಹತ್ತಿಸಿ, ಎಲ್ಲಿ ಉಜ್ಜಿತು, ಎಲ್ಲಿ ನಿಲ್ಲಬೇಕಾಯಿತು ಎಂಬುದನ್ನು ಗುರುತು ಮಾಡಿಕೊಂಡು, ಆ ಜಾಗಗಳನ್ನು ಸರಿಪಡಿಸಿದ ಬಳಿಕ ಬೆಸುಗೆಗಾರರಿಗೆ ಮೊದಲ ತಗಡು ಕೊಡಿ.